ಒಂದು ರೀಮ್ ಹಾಳೆಯ ಹಿಂದೆ ಎಷ್ಟು ಹೊಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಕಾರ್ಬನ್ ಹೆಜ್ಜೆಗುರುತು ಎಂದರೆ ಏನು ಎಂದು ಬರೆದಿದ್ದೆವು. ಒಂದು ವಸ್ತು ತಯಾರಾಗಿ, ಬಳಕೆಯಾಗಿ, ಕೊನೆಗೆ ಕಸವಾಗುವವರೆಗೆ ಗಾಳಿಗೆ ಸೇರುವ ಕಾರ್ಬನ್ ಡೈಆಕ್ಸೈಡ್ ಮತ್ತು ಅದೇ ಜಾತಿಯ ಅನಿಲಗಳ ಒಟ್ಟು ಲೆಕ್ಕ ಅದು. ಬಂದ ಪತ್ರಗಳಲ್ಲಿ ಆಫೀಸಿನ ಕಾಗದದ ಬಗ್ಗೆಯೇ ಜಾಸ್ತಿ ಇದ್ದವು. ಹಾಗಾಗಿ ಈ ಸಲ ಪೂರ್ತಿ ಅದೇ.

ಪ್ರ: ನಮ್ಮ ಆಫೀಸಿನಲ್ಲಿ ತಿಂಗಳಿಗೆ 20 ರೀಮ್ ಎ4 ಹಾಳೆ ಖರ್ಚಾಗುತ್ತದೆ. ಮ್ಯಾನೇಜರ್ ಸಾಹೇಬರು ಪ್ರಿಂಟರ್ ಮೇಲೆ ‘ಮರ ಉಳಿಸಿ’ ಅಂತ ಚೀಟಿ ಅಂಟಿಸಿದ್ದಾರೆ. ಅದೇ ರೂಮಿನಲ್ಲಿ ಎ.ಸಿ. ಬೆಳಿಗ್ಗೆಯಿಂದ ಸಂಜೆವರೆಗೆ ಓಡುತ್ತಿರುತ್ತದೆ. ನಿಜಕ್ಕೂ ಒಂದು ರೀಮ್‌ಗೆ ಎಷ್ಟು ಕಾರ್ಬನ್?
— ಲೆಕ್ಕಪತ್ರ ವಿಭಾಗದ ಓದುಗಿ, ಹುಬ್ಬಳ್ಳಿ

ಉ: ಲೆಕ್ಕಪತ್ರದವರು ಕೇಳಿದ್ದೀರಿ, ಲೆಕ್ಕವನ್ನೇ ಹಾಕೋಣ. ಎ4 ಹಾಳೆ 16 ಸೇರಿದರೆ ಒಂದು ಚದರ ಮೀಟರ್. ಪ್ಯಾಕೆಟ್ ಮೇಲೆ 80 ಜಿಎಸ್ಎಂ ಅಂತ ಇದ್ದರೆ ಒಂದು ಚದರ ಮೀಟರ್ ಕಾಗದ 80 ಗ್ರಾಂ ತೂಗುತ್ತದೆ ಎಂದರ್ಥ. ಅಂದರೆ ಒಂದು ಹಾಳೆಗೆ 5 ಗ್ರಾಂ, 500 ಹಾಳೆಯ ರೀಮ್‌ಗೆ ಎರಡೂವರೆ ಕಿಲೋ. ಬಿಳಿ ಕಾಗದ ಒಂದು ಕಿಲೋ ತಯಾರಾಗಲು ಹೆಚ್ಚೂಕಡಿಮೆ ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಗಿರಣಿ ಒಳ್ಳೆಯದಿದ್ದರೆ ಇದಕ್ಕಿಂತ ಕಡಿಮೆ, ಕಲ್ಲಿದ್ದಲು ಸುಡುವ ಹಳೆಯ ಗಿರಣಿಯಾದರೆ ಜಾಸ್ತಿ. ನಮ್ಮ ದೇಶದ ಗಿರಣಿಗಳಲ್ಲಿ ಕಲ್ಲಿದ್ದಲಿನ ಪಾಲು ದೊಡ್ಡದು. ಹಾಗಾಗಿ ರೀಮ್‌ಗೆ 3 ಕಿಲೋ ಅಂತ ಇಟ್ಟುಕೊಳ್ಳಿ, ಅಂದಾಜಿಗೆ ಸಾಕು.

ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೋ ಬರುತ್ತದೆ. ನಿಮ್ಮ ಒಂದು ರೀಮ್ ಅಂದರೆ ಒಂದೂಕಾಲು ಲೀಟರ್ ಪೆಟ್ರೋಲ್. ತಿಂಗಳ 20 ರೀಮ್‌ಗೆ 60 ಕಿಲೋ.

ಈಗ ಎ.ಸಿ.ಗೆ ಬರೋಣ. ಒಂದೂವರೆ ಟನ್ನಿನ ಎ.ಸಿ. ಗಂಟೆಗೆ ಒಂದೂವರೆ ಯೂನಿಟ್ ಕರೆಂಟ್ ತಿನ್ನುತ್ತದೆ ಅಂದುಕೊಳ್ಳಿ. ದಿನಕ್ಕೆ 8 ಗಂಟೆ, ತಿಂಗಳಿಗೆ 25 ದಿನ, ಒಟ್ಟು 300 ಯೂನಿಟ್. ನಮ್ಮ ದೇಶದ ಗ್ರಿಡ್ಡಿನ ಕರೆಂಟ್ ಒಂದು ಯೂನಿಟ್‌ಗೆ ಸರಾಸರಿ 0.7 ಕಿಲೋ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಆಯಿತು 210 ಕಿಲೋ! ಒಂದು ಎ.ಸಿ. ತಿಂಗಳಿಗೆ 70 ರೀಮ್ ಹಾಳೆಗೆ ಸಮ. ಇನ್ವರ್ಟರ್ ಎ.ಸಿ. ಆದರೆ ಸ್ವಲ್ಪ ಕಡಿಮೆ, ಆದರೂ ನಿಮ್ಮ ಕಾಗದಕ್ಕಿಂತ ಜಾಸ್ತಿಯೇ. ಚೀಟಿಯನ್ನು ಪ್ರಿಂಟರ್ ಮೇಲಿಂದ ಕಿತ್ತು ರಿಮೋಟ್ ಪಕ್ಕ ಅಂಟಿಸಿ ಅಂತ ಸಾಹೇಬರಿಗೆ ಹೇಳುವ ಧೈರ್ಯ ನಿಮಗಿದೆಯೋ ಇಲ್ಲವೋ, ಅದು ನಿಮಗೇ ಬಿಟ್ಟಿದ್ದು. ಹಾಗಂತ ಹಾಳೆ ಸುಮ್ನೆ ಪೋಲು ಮಾಡಿ ಅಂತಲ್ಲ. ಎರಡೂ ಬದಿ ಪ್ರಿಂಟ್ ಹಾಕುವಂತೆ ಪ್ರಿಂಟರಿನ ಸೆಟ್ಟಿಂಗ್ ಒಮ್ಮೆ ಬದಲಾಯಿಸಿದರೆ ಆ 60 ಕಿಲೋದಲ್ಲಿ ಹತ್ತಿರ ಹತ್ತಿರ ಅರ್ಧ ಉಳಿಯುತ್ತದೆ, ಯಾರಿಗೂ ತೊಂದರೆ ಇಲ್ಲ. 80 ಜಿಎಸ್ಎಂ ಬದಲು 70 ಜಿಎಸ್ಎಂ ತರಿಸಿದರೆ ಎಂಟರಲ್ಲಿ ಒಂದು ಪಾಲು ಕಾಗದ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ.

ಪ್ರ: ಕಾಗದದ ಕಾರ್ಬನ್ ಅಂದರೆ ಮರ ಕಡಿಯುವುದರಿಂದ ಬರುವುದೇ ಅಲ್ವಾ ಸಾರ್? ಗಿರಣಿಯಲ್ಲಿ ಅಷ್ಟೊಂದು ಏನು ಸುಡುತ್ತಾರೆ?
— ಪಿಯುಸಿ ವಿದ್ಯಾರ್ಥಿ, ಶಿರಸಿ

ಉ: ಎಲ್ಲರೂ ಮರದ ಕಡೆ ನೋಡುತ್ತಾರೆ, ಬಾಯ್ಲರ್ ಕಡೆ ಯಾರೂ ನೋಡುವುದಿಲ್ಲ. ಅದಕ್ಕೇ ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ.

ಕಟ್ಟಿಗೆಯಲ್ಲಿ ನಾರು ಇರುತ್ತದೆ, ನಾರನ್ನು ಒಂದಕ್ಕೊಂದು ಹಿಡಿದಿಡುವ ಲಿಗ್ನಿನ್ ಎಂಬ ವಸ್ತುವೂ ಇರುತ್ತದೆ. ಬಿಳಿ ಕಾಗದಕ್ಕೆ ಬೇಕಾದದ್ದು ನಾರು ಮಾತ್ರ. ಕಟ್ಟಿಗೆಯನ್ನು ಚೂರು ಮಾಡಿ, ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ಬೆರೆಸಿದ ನೀರಿನಲ್ಲಿ, ಡೈಜೆಸ್ಟರ್ ಎಂಬ ದೊಡ್ಡ ಪಾತ್ರೆಯಲ್ಲಿ ಒತ್ತಡ ಕೊಟ್ಟು ಬೇಯಿಸುತ್ತಾರೆ. ಲಿಗ್ನಿನ್ ಕರಗಿ ನಾರು ಬಿಡಿಯಾಗುತ್ತದೆ. ಒಣ ಕಟ್ಟಿಗೆಯ ತೂಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಮಾತ್ರ ಪಲ್ಪ್, ಅಂದರೆ ನಾರಿನ ಮುದ್ದೆ ಆಗಿ ಸಿಗುತ್ತದೆ. ಉಳಿದದ್ದು ಬ್ಲ್ಯಾಕ್ ಲಿಕರ್ ಎಂಬ ಕಪ್ಪು ದ್ರವ. ಇದನ್ನು ಎಸೆಯುವುದಿಲ್ಲ. ಗಟ್ಟಿ ಮಾಡಿ ರಿಕವರಿ ಬಾಯ್ಲರಿನಲ್ಲಿ ಸುಡುತ್ತಾರೆ. ಅದರಿಂದ ಹಬೆ, ಕರೆಂಟ್ ಎರಡೂ ಬರುತ್ತವೆ, ಬೇಯಿಸಲು ಹಾಕಿದ ರಾಸಾಯನಿಕವೂ ವಾಪಸ್ ಸಿಗುತ್ತದೆ. ಆಮೇಲೆ ಬಿಳುಪು ಮಾಡುವ ಕೆಲಸ. ಮೊದಲು ಕ್ಲೋರಿನ್ ಅನಿಲ ಬಳಸುತ್ತಿದ್ದರು, ಈಗ ದೊಡ್ಡ ಗಿರಣಿಗಳಲ್ಲಿ ಕ್ಲೋರಿನ್ ಡೈಆಕ್ಸೈಡ್ ಬಳಸುತ್ತಾರೆ. ಇದನ್ನು ತಯಾರಿಸಲಿಕ್ಕೂ ಕರೆಂಟ್ ಬೇಕು.

ಅಸಲಿ ಖರ್ಚು ಇರುವುದು ಇದರ ನಂತರ. ಪಲ್ಪನ್ನು ನೂರಕ್ಕೆ 99 ಪಾಲು ನೀರು ಬೆರೆಸಿ ಓಡುವ ಜಾಲರಿ ಮೇಲೆ ಸುರಿಯುತ್ತಾರೆ. ನೀರು ಸೋರಿ ಹೋಗುತ್ತದೆ. ಆಮೇಲೆ ರೋಲರುಗಳ ನಡುವೆ ಒತ್ತಿ ಹಿಂಡುತ್ತಾರೆ. ಇಷ್ಟಾದರೂ ಆ ಹಾಳೆಯಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ಒದ್ದೆ ಪಂಚೆಯನ್ನು ಎಷ್ಟೇ ಹಿಂಡಿದರೂ ಕೊನೆಗೆ ಬಿಸಿಲಿಗೆ ಹಾಕಲೇಬೇಕಲ್ಲ, ಹಾಗೇ ಇದು. ಇಲ್ಲಿ ಬಿಸಿಲಿನ ಬದಲು ಹಬೆ ತುಂಬಿದ ಕಬ್ಬಿಣದ ಉರುಳೆಗಳು, ಸಾಲಾಗಿ. ಒಂದು ಕಿಲೋ ಕಾಗದ ಹೊರಬರಬೇಕಾದರೆ ಒಂದು ಕಿಲೋಗೂ ಮೀರಿ ನೀರನ್ನು ಆವಿ ಮಾಡಿ ಓಡಿಸಬೇಕು. ಆ ಹಬೆಗೆ ಬ್ಲ್ಯಾಕ್ ಲಿಕರ್ ಒಂದೇ ಸಾಲುವುದಿಲ್ಲ. ಕಮ್ಮಿ ಬಿದ್ದದ್ದಕ್ಕೆ ಕಲ್ಲಿದ್ದಲು ಬರುತ್ತದೆ.

ಹೀಗಾಗಿ ಒಂದೇ ಥರ ಕಾಣುವ ಎರಡು ಬಿಳಿ ಹಾಳೆಗಳ ನಡುವಿನ ವ್ಯತ್ಯಾಸ ಬಹುತೇಕ ಗಿರಣಿಯ ಇಂಧನದಲ್ಲಿದೆ. ಹೊಟ್ಟು, ಕಟ್ಟಿಗೆ ತೊಗಟೆ ಸುಡುವ ಗಿರಣಿಯ ಹಾಳೆ ಬೇರೆ, ಕಲ್ಲಿದ್ದಲಿನದು ಬೇರೆ. ಪ್ಯಾಕೆಟ್ ಮೇಲೆ ಹಸಿರು ಎಲೆ ಚಿತ್ರ ಎರಡರಲ್ಲೂ ಇರುತ್ತದೆ. ಸಾಗಣೆಯ ಬಗ್ಗೆಯೂ ಕೆಲವರು ಕೇಳುತ್ತಾರೆ. ನಿಮ್ಮ ಜಿಲ್ಲೆಯ ದಾಂಡೇಲಿಯಿಂದ ಬೆಂಗಳೂರಿಗೆ ಸುಮಾರು 450 ಕಿ.ಮೀ. ಲಾರಿಯಲ್ಲಿ ಬಂದರೂ ಒಂದು ಕಿಲೋ ಕಾಗದಕ್ಕೆ 50 ಗ್ರಾಂ ಆಸುಪಾಸು ಸೇರುತ್ತದೆ ಅಷ್ಟೇ. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಪ್ರ: ನೀಲಗಿರಿ ಮರ ಬೆಳೆಯುವಾಗ ಕಾರ್ಬನ್ ಹೀರಿಕೊಳ್ಳುತ್ತದೆ. ಕಡಿದರೆ ಮತ್ತೆ ಚಿಗುರುತ್ತದೆ. ಅಂದಮೇಲೆ ಕಾಗದಕ್ಕೆ ನೀಲಗಿರಿ ಬೆಳೆದರೆ ಭೂಮಿಗೆ ಒಳ್ಳೆಯದೇ ತಾನೆ? ಸರ್ಕಾರ ಯಾಕೆ ಬೇಡ ಅಂತು?
— ರೈತ, ಕೋಲಾರ ಜಿಲ್ಲೆ

ಉ: ನಿಮ್ಮ ಮಾತಿನಲ್ಲಿ ಅರ್ಧ ಸತ್ಯ ಇದೆ. ಮರ ಹೀರಿಕೊಂಡ ಕಾರ್ಬನ್ ಹಾಳೆಯೊಳಗೆ ಇರುತ್ತದೆ, ಹಾಳೆ ಸುಟ್ಟಾಗ ಇಲ್ಲವೇ ಕೊಳೆತಾಗ ವಾಪಸ್ ಗಾಳಿಗೆ ಹೋಗುತ್ತದೆ. ಕಡಿದ ಜಾಗದಲ್ಲಿ ಅಷ್ಟೇ ಮರ ಮತ್ತೆ ಬೆಳೆದರೆ ಆ ಲೆಕ್ಕ ಸೊನ್ನೆ. ಅದಕ್ಕೇ ಬ್ಲ್ಯಾಕ್ ಲಿಕರ್ ಸುಟ್ಟ ಹೊಗೆಯನ್ನು ಗಿರಣಿಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಆದರೆ ಸೊನ್ನೆ ಅಂದರೆ ಸೊನ್ನೆ, ಲಾಭವಲ್ಲ. ನಾಲ್ಕೈದು ವರ್ಷಕ್ಕೆ ಕಡಿಯುವ ತೋಪು ಹೆಚ್ಚು ಕಾರ್ಬನ್ ಕೂಡಿಡುವುದಿಲ್ಲ.

ಮುಖ್ಯ ಪ್ರಶ್ನೆ ಏನೆಂದರೆ, ಆ ತೋಪಿನ ಜಾಗದಲ್ಲಿ ಮೊದಲು ಏನಿತ್ತು? ಕಾಡಿತ್ತು ಅಂದರೆ ಹಳೆಯ ಕಾಡಿನ ಕಾರ್ಬನ್ ಪೂರ್ತಿ ಹೋಯಿತು, ಆ ಸಾಲ ನೀಲಗಿರಿಯಿಂದ ತೀರುವುದಿಲ್ಲ. ನಮ್ಮ ರಾಜ್ಯದ ಕಥೆಯನ್ನೇ ನೋಡಿ. ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಂಪನಿ 1955ರಲ್ಲಿ ಸ್ಥಾಪನೆಯಾಯಿತು. ಮೊದಲ ವರ್ಷಗಳಲ್ಲಿ ಕಚ್ಚಾ ಮಾಲು ಬಿದಿರು. ಸರ್ಕಾರ ಉತ್ತರ ಕನ್ನಡದ ಕಾಡಿನ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಗೆ ಕೊಟ್ಟಿತು. ಬುಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಕೊಡಬೇಕಿತ್ತು. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಈ ಬಿದಿರಿನ ಸ್ಥಿತಿ ಅಧ್ಯಯನ ಮಾಡಿದರು. ಬೆಳೆಯುವುದಕ್ಕಿಂತ ಕಡಿಯುವುದೇ ಜಾಸ್ತಿಯಾಗಿತ್ತು. ಕೊನೆಗೆ ಗಿರಣಿ ದೂರದ ರಾಜ್ಯಗಳಿಂದ ಬಿದಿರು ತರಿಸುವ ಹಾಗಾಯಿತು. ಅಷ್ಟು ಅಗ್ಗಕ್ಕೆ ಸಿಕ್ಕಿದ್ದನ್ನು ಯಾರು ಉಳಿಸಿಕೊಳ್ಳುತ್ತಾರೆ ಹೇಳಿ.

ಆಮೇಲೆ ನೀಲಗಿರಿ ಬಂತು. 1980ರ ದಶಕದಲ್ಲಿ ಸರ್ಕಾರವೂ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿ, ಹಳ್ಳಿಗಳ ಗೋಮಾಳದಂಥ ಸಾಮೂಹಿಕ ಜಮೀನಿನಲ್ಲಿ ನೀಲಗಿರಿ ಬೆಳೆಸಲು ಹೊರಟವು. ಅದು ಕಾಗದಕ್ಕಲ್ಲ, ರೇಯಾನ್ ಬಟ್ಟೆಯ ಪಲ್ಪಿಗೆ. ಆದರೆ ಮರ ಅದೇ, ಜಗಳವೂ ಅದೇ. 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ‘ಕಿತ್ತಿಕೋ-ಹಚ್ಚಿಕೋ’ ಅಂತಲೇ ಆ ಸತ್ಯಾಗ್ರಹ ಹೆಸರಾಯಿತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಮುಂದೆ ನಿಂತಿತ್ತು. ಶಿವರಾಮ ಕಾರಂತರು ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೂ ಹೋದರು. ಕಂಪನಿ 1991ರಲ್ಲಿ ಮುಚ್ಚಿತು.

ನಿಮ್ಮ ಕೋಲಾರದ ಕಡೆ ತಕರಾರು ಕಾರ್ಬನ್ನಿನದಲ್ಲ, ನೀರಿನದು. ಅಂತರ್ಜಲ ಪಾತಾಳ ಸೇರಿದ ಮೇಲೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಕಾರ್ಬನ್ ಲೆಕ್ಕ ಒಂದನ್ನೇ ಹಿಡಿದು ಕೂತರೆ ಈ ನೀರು, ಗೋಮಾಳ ಯಾವುದೂ ಕಾಣುವುದಿಲ್ಲ. 1988ರ ರಾಷ್ಟ್ರೀಯ ಅರಣ್ಯ ನೀತಿ ಗಿರಣಿಗಳು ಕಾಡಿನ ಮೇಲೆ ಅವಲಂಬಿಸದೆ ರೈತರಿಂದ ಮರ ಬೆಳೆಸಿಕೊಳ್ಳಬೇಕು ಎಂದಿತು. ಇವತ್ತು ದಕ್ಷಿಣದ ಗಿರಣಿಗಳಿಗೆ ಬರುವ ಸುಬಾಬುಲ್, ಸರ್ವೆ, ನೀಲಗಿರಿ ಹೆಚ್ಚಾಗಿ ರೈತರ ಹೊಲದ್ದೇ. ಖಾಲಿ ಬಿದ್ದ ಹೊಲದ ಬದುವಿನಲ್ಲಿ ಸರ್ವೆ ಬೆಳೆದರೆ ನನ್ನ ಅಭ್ಯಂತರ ಏನೂ ಇಲ್ಲ.

ಪ್ರ: ರೀಸೈಕಲ್ ಕಾಗದ ತರಿಸಿದರೆ ಕಾರ್ಬನ್ ಅರ್ಧಕ್ಕೆ ಇಳಿಯುತ್ತದೆ ಎಂದು ಸೇಲ್ಸ್‌ನವರು ಹೇಳುತ್ತಾರೆ. ಬೆಲೆ ಮಾತ್ರ ಜಾಸ್ತಿ. ತರಿಸಬಹುದಾ?
— ಕಾಲೇಜಿನ ಕಚೇರಿ ಮೇಲ್ವಿಚಾರಕಿ, ದಾವಣಗೆರೆ

ಉ: ಏನಕ್ಕೆ ಎಂಬುದರ ಮೇಲೆ ಹೋಗುತ್ತದೆ. ಹಳೆಯ ಕಾಗದದಿಂದ ಪಲ್ಪ್ ಮಾಡಲು ಬೇಯಿಸುವ ಕೆಲಸ ಇಲ್ಲ, ನೀರಲ್ಲಿ ಕಲಸಿದರೆ ಸಾಕು. ಒಟ್ಟು ಶಕ್ತಿ ಕಡಿಮೆ ಬೇಕು, ಇದು ಖರೆ. ಆದರೆ ಮೇಲೆ ಹೇಳಿದ ಬ್ಲ್ಯಾಕ್ ಲಿಕರ್ ಇಲ್ಲಿ ಸಿಗುವುದಿಲ್ಲ. ಹಾಗಾಗಿ ಬೇಕಾದ ಅಷ್ಟೂ ಹಬೆ, ಕರೆಂಟ್ ಹೊರಗಿನಿಂದಲೇ ಬರಬೇಕು, ಅಂದರೆ ನಮ್ಮಲ್ಲಿ ಹೆಚ್ಚಾಗಿ ಕಲ್ಲಿದ್ದಲು. ಬಿಳಿ ಎ4 ಹಾಳೆಯಾದರೆ ಶಾಯಿ ತೆಗೆದು, ತೊಳೆದು, ಮತ್ತೆ ಬಿಳುಪು ಮಾಡಬೇಕು. ಕೊನೆಗೆ ಉಳಿತಾಯ ಅವರು ಹೇಳಿದಷ್ಟು ಇರುವುದಿಲ್ಲ, ಕೆಲವು ಸಲ ಹೊಸ ಕಾಗದಕ್ಕೆ ಸರಿಸಮ ಆಗಿಬಿಡುತ್ತದೆ.

ಕಂದು ಕಾಗದದ ಕಥೆ ಬೇರೆ. ಫೈಲಿನ ರಟ್ಟು, ಬ್ರೌನ್ ಕವರ್, ಕಾರ್ಟನ್ ಬಾಕ್ಸ್, ಇವಕ್ಕೆ ಬಿಳುಪು ಬೇಡ. ನಂಜನಗೂಡಿನ ಸೌತ್ ಇಂಡಿಯಾ ಪೇಪರ್ ಮಿಲ್ಸ್‌ನಂಥವು ರದ್ದಿಯಿಂದಲೇ ಇಂಥ ಕಾಗದ ಮಾಡುತ್ತವೆ. ನಮ್ಮ ದೇಶದ ಒಟ್ಟು ಕಾಗದದಲ್ಲಿ ಅರ್ಧಕ್ಕಿಂತ ಜಾಸ್ತಿ ರದ್ದಿಯಿಂದಲೇ ಆಗುತ್ತದೆ, ನಮ್ಮ ರದ್ದಿ ಸಾಲದೆ ಅಮೆರಿಕ, ಯುರೋಪಿನಿಂದ ಹಡಗಿನಲ್ಲಿ ತರಿಸುತ್ತೇವೆ! ನಮ್ಮ ಗುಜರಿಯವರು ಎಷ್ಟು ಆರಿಸಿದರೂ ಕಸದ ಗುಡ್ಡೆಗೆ ಹೋಗುವ ಕಾಗದ ಇನ್ನೂ ಬೇಕಾದಷ್ಟಿದೆ.

ಆ ಗುಡ್ಡೆಯ ವಿಷಯ ಮರೆಯಬಾರದು. ಕಾಗದ ಗಾಳಿಯಾಡದ ಕಡೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಭೂಮಿಯನ್ನು ಬಿಸಿ ಮಾಡುವ ಅದರ ಶಕ್ತಿ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿನ ಸುಮಾರು 28 ಪಟ್ಟು. ರೀಸೈಕಲ್‌ನ ದೊಡ್ಡ ಲಾಭ ಇಲ್ಲಿದೆ. ಹಾಗಾಗಿ ಮೇಡಂ, ಫೈಲು, ಕವರು ರೀಸೈಕಲ್‌ನದ್ದೇ ತರಿಸಿ. ಬಿಳಿ ಹಾಳೆಗೆ ಜಾಸ್ತಿ ದುಡ್ಡು ಕೊಡುವ ಬದಲು ಅದೇ ದುಡ್ಡಿನಲ್ಲಿ ಎರಡೂ ಬದಿ ಪ್ರಿಂಟ್ ಆಗುವ ಪ್ರಿಂಟರ್ ತೆಗೆದುಕೊಳ್ಳಿ. ನಿಮ್ಮ ಕಾಲೇಜಿನ ರದ್ದಿ ಎಲ್ಲಿಗೆ ಹೋಗುತ್ತದೆ ಅಂತ ಒಮ್ಮೆ ವಿಚಾರಿಸಿ, ಅದು ಮುಖ್ಯ.

ಪ್ರ: ಕಬ್ಬಿನ ಸಿಪ್ಪೆಯಿಂದ ಮಾಡಿದ ಹಾಳೆ, ಒಂದು ಮರವನ್ನೂ ಕಡಿದಿಲ್ಲ ಅಂತ ಬರೆದಿರುತ್ತಾರೆ. ಇದೇ ಒಳ್ಳೆಯದಲ್ವಾ?
— ಓದುಗ, ಮಂಡ್ಯ

ಉ: ಮಂಡ್ಯದವರಿಗೆ ನಾನು ಸಿಪ್ಪೆಯ ಬಗ್ಗೆ ಹೇಳಬೇಕೆ? ಸಕ್ಕರೆ ಕಾರ್ಖಾನೆಯಲ್ಲಿ ಸಿಪ್ಪೆ ಕಸವಲ್ಲ, ಬಾಯ್ಲರಿನ ಉರುವಲು. ಅದನ್ನು ಕಾಗದಕ್ಕೆ ಕೊಟ್ಟರೆ ಕಾರ್ಖಾನೆ ಬೇರೇನಾದರೂ ಸುಡಬೇಕು. ತಮಿಳುನಾಡಿನ ಕರೂರು ಹತ್ತಿರದ ಟಿಎನ್‌ಪಿಎಲ್ ಎಂಬ ಗಿರಣಿ ಸಿಪ್ಪೆಯಿಂದ ಕಾಗದ ಮಾಡುವುದರಲ್ಲಿ ಹೆಸರುವಾಸಿ. ಅವರು ಸಕ್ಕರೆ ಕಾರ್ಖಾನೆಗಳಿಂದ ಸಿಪ್ಪೆ ಪಡೆದು ಬದಲಿಗೆ ಹಬೆ ಇಲ್ಲವೇ ಇಂಧನ ಕೊಡುವ ಏರ್ಪಾಡು ಮಾಡಿಕೊಂಡರು. ಆ ಬದಲಿ ಇಂಧನ ಕಲ್ಲಿದ್ದಲಾದರೆ? ಮರ ಉಳಿಯಿತು, ಕಾರ್ಬನ್ ಉಳಿಯಲಿಲ್ಲ. ಕಾಡಿನ ಮೇಲೆ ಒತ್ತಡ ತಪ್ಪಿತಲ್ಲ, ಅದಕ್ಕೆ ಬೇಕಾದರೆ ಮಾರ್ಕ್ಸ್ ಕೊಡಿ.

ಪ್ರ: ನಾನು ಸ್ಟೇಷನರಿ ಅಂಗಡಿ ಇಟ್ಟಿದ್ದೇನೆ. ರಿಜಿಸ್ಟರ್, ಬಾಕ್ಸ್ ಫೈಲ್, ಕವರ್, ಸ್ಟಿಕಿ ನೋಟ್, ಡೈರಿ, ಇವುಗಳಲ್ಲಿ ಯಾವುದರ ಕಾರ್ಬನ್ ಜಾಸ್ತಿ?
— ವ್ಯಾಪಾರಿ, ತುಮಕೂರು

ಉ: ನಿಮ್ಮ ಹತ್ತಿರ ತಕ್ಕಡಿ ಇದ್ದರೆ ಉತ್ತರ ಅಲ್ಲೇ ಇದೆ. ಯಾವುದು ಭಾರವೋ ಅದರ ಕಾರ್ಬನ್ ಜಾಸ್ತಿ, ಮೊದಲ ಅಂದಾಜು ಇಷ್ಟೇ. ಸ್ಟಿಕಿ ನೋಟ್ ಹಗುರ, ಸುಮ್ನೆ ಅದರ ಹಿಂದೆ ಬೀಳಬೇಡಿ. ಕವರ್ ಒಂದಕ್ಕೆ ಹೆಚ್ಚೂಕಡಿಮೆ ಒಂದು ಎ4 ಹಾಳೆಯಷ್ಟು ಕಾಗದ ಹಿಡಿಯುತ್ತದೆ. ಅಂದರೆ ಒಂದು ಹಾಳೆಯ ಪತ್ರವನ್ನು ಕವರಿಗೆ ಹಾಕಿ ಕಳಿಸಿದರೆ ಲೆಕ್ಕ ಎರಡಾಯಿತು. ಬಾಕ್ಸ್ ಫೈಲ್ ಭಾರ, ಆದರೆ ಹತ್ತು ವರ್ಷ ಬಾಳುತ್ತದೆ, ಬೆನ್ನಿನ ಮೇಲಿನ ಚೀಟಿ ಬದಲಿಸಿದರೆ ಹೊಸ ಫೈಲ್.

ನನ್ನ ಸಿಟ್ಟು ಇರುವುದು ಡೈರಿಗಳ ಮೇಲೆ. ಜನವರಿ ಬಂತೆಂದರೆ ಬ್ಯಾಂಕು, ಸಂಘ, ಕಂಟ್ರಾಕ್ಟರು, ಔಷಧಿ ಕಂಪನಿ, ಎಲ್ಲರದ್ದೂ ಒಂದೊಂದು ಡೈರಿ. ಒಂದೊಂದೂ ಅರ್ಧ ಕಿಲೋ ತೂಗುತ್ತದೆ. ಅಧಿಕಾರಿಯ ಮೇಜಿನ ಮೇಲೆ ಆರೇಳು ಪೇರಿಸಿರುತ್ತವೆ, ಬರೆಯುವುದು ಒಂದರಲ್ಲಿ, ಅದೂ ಮಾರ್ಚ್‌ವರೆಗೆ. ಮೇಲೆ ರೆಕ್ಸಿನ್ ಹೊದಿಸಿ ಅಂಟು ಹಾಕಿರುವುದರಿಂದ ರದ್ದಿಗೂ ಸುಲಭಕ್ಕೆ ಹೋಗುವುದಿಲ್ಲ. ಐದು ಡೈರಿ ಅಂದರೆ ಒಂದು ರೀಮ್. ಲ್ಯಾಮಿನೇಷನ್ ಮಾಡಿದ ಕಾರ್ಡು, ಪ್ಲಾಸ್ಟಿಕ್ ಕಿಟಕಿ ಇರುವ ಕವರು ಇದೇ ಸಾಲಿನವು. ಪ್ಲಾಸ್ಟಿಕ್ ಬಿಡಿಸದೆ ಆ ಕಾಗದ ಗಿರಣಿಯ ಉಪಯೋಗಕ್ಕೆ ಸುಲಭಕ್ಕೆ ಬರುವುದಿಲ್ಲ. ಸ್ಟೇಪ್ಲರ್ ಪಿನ್ ಬಗ್ಗೆ ಬಹಳ ಜನ ಹೆದರುತ್ತಾರೆ, ಬೇಕಿಲ್ಲ. ಪಲ್ಪ್ ಮಾಡುವಾಗ ಅದು ತಾನಾಗೇ ಬೇರೆಯಾಗುತ್ತದೆ.

ಪ್ರ: ಕಾಗದ ಬಿಟ್ಟು ಪೂರ್ತಿ ಕಂಪ್ಯೂಟರಿಗೆ ಹೋದರೆ ಕಾರ್ಬನ್ ಸೊನ್ನೆ ಆಗುತ್ತದಾ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉ: ಆಗುವುದಿಲ್ಲ ಅಂತ ನಿಮಗೇ ಗೊತ್ತು. 40 ಪುಟದ ವರದಿ ತೆಗೆದುಕೊಳ್ಳಿ. ಎರಡೂ ಬದಿ ಪ್ರಿಂಟ್ ಹಾಕಿದರೆ 20 ಹಾಳೆ, 100 ಗ್ರಾಂ ಕಾಗದ, ಸುಮಾರು 120 ಗ್ರಾಂ ಕಾರ್ಬನ್ ಡೈಆಕ್ಸೈಡ್. ಅದನ್ನೇ 40 ವಾಟ್‌ನ ಲ್ಯಾಪ್‌ಟಾಪಿನಲ್ಲಿ ಎರಡು ಗಂಟೆ ಓದಿದರೆ 56 ಗ್ರಾಂ. ಒಬ್ಬರು ಒಂದು ಸಲ ಓದಿ ಬಿಡುವುದಾದರೆ ಸ್ಕ್ರೀನ್ ವಾಸಿ. ಅದೇ ವರದಿಯನ್ನು ನಾಲ್ಕು ಜನ ಕೈಬದಲಾಯಿಸಿ ಓದಿದರೆ ಪ್ರಿಂಟ್ ವಾಸಿ. ಲ್ಯಾಪ್‌ಟಾಪ್ ತಯಾರಾಗುವಾಗಲೇ ಬಿಡುವ ಕಾರ್ಬನ್ 200-300 ಕಿಲೋ ಇರುತ್ತದೆ, ಅದು 70ರಿಂದ 100 ರೀಮ್. ಹೊಸ ಮಾಡೆಲ್ ಬಂತು ಅಂತ ಇನ್ನೂ ಓಡುತ್ತಿರುವುದನ್ನು ಮೂರೇ ವರ್ಷಕ್ಕೆ ಬದಲಿಸುವ ಕಂಪನಿ ಕಾಗದ ಉಳಿಸಿ ಏನು ಸಾಧಿಸಿತು?

ಎಲ್ಲಕ್ಕಿಂತ ಕೆಟ್ಟದ್ದು ಎರಡನ್ನೂ ಮಾಡುವುದು. ಇ-ಆಫೀಸ್ ಬಂದ ಮೇಲೂ ಎಷ್ಟೋ ಕಚೇರಿಗಳಲ್ಲಿ ಕಡತವನ್ನು ಪ್ರಿಂಟ್ ತೆಗೆದು, ಸಹಿ ಹಾಕಿಸಿ, ಸ್ಕ್ಯಾನ್ ಮಾಡಿ ಮತ್ತೆ ಕಂಪ್ಯೂಟರಿಗೇ ಹಾಕುತ್ತಾರೆ. ಆಮೇಲೆ ‘ಇರಲಿ’ ಅಂತ ಎರಡು ಜೆರಾಕ್ಸ್ ಬೇರೆ.

ಪ್ರ: ಎಟಿಎಂ ಚೀಟಿ, ಪೆಟ್ರೋಲ್ ಬಂಕಿನ ಬಿಲ್ಲನ್ನು ರದ್ದಿಗೆ ಹಾಕಬಹುದೇ?
— ಗೃಹಿಣಿ, ಉಡುಪಿ

ಉ: ಬೇಡ. ಅದು ಥರ್ಮಲ್ ಕಾಗದ, ಬಿಸಿ ತಾಗಿದರೆ ಕಪ್ಪಾಗುವ ರಾಸಾಯನಿಕ ಸವರಿರುತ್ತಾರೆ. ಬಹಳಷ್ಟರಲ್ಲಿ ಬಿಸ್ಫಿನಾಲ್ ಎಂಬ, ಆರೋಗ್ಯಕ್ಕೆ ಒಳ್ಳೆಯದಲ್ಲದ ರಾಸಾಯನಿಕ ಇರುತ್ತದೆ. ರದ್ದಿಗೆ ಸೇರಿದರೆ ಮುಂದಿನ ಕಾಗದಕ್ಕೂ ಹೋಗುತ್ತದೆ. ಚೀಟಿ ಬೇಡ ಅಂತ ಮೊದಲೇ ಒತ್ತುವುದೇ ಸುಲಭ.

ಪ್ರ: ನಮ್ಮ ಸಹಕಾರ ಸಂಘದಲ್ಲಿ ಅವಧಿ ಮುಗಿದ ಹಳೆಯ ಕಡತಗಳು ಒಂದು ಕೋಣೆ ತುಂಬ ಇವೆ. ಸದಸ್ಯರ ಖಾತೆ ವಿವರ ಇರುವುದರಿಂದ ಹಿತ್ತಲಲ್ಲಿ ಸುಟ್ಟುಬಿಡೋಣ ಅಂತ ಕಾರ್ಯದರ್ಶಿಗಳು ಹೇಳುತ್ತಾರೆ. ಹೇಗೂ ಮರದ ಕಾರ್ಬನ್ನೇ ತಾನೆ?
— ಸಂಘದ ಗುಮಾಸ್ತ, ಸಾಗರ

ಉ: ಕಾರ್ಯದರ್ಶಿಗಳು ಈ ಅಂಕಣ ಓದುತ್ತಾರೆ ಅಂತ ಕಾಣುತ್ತದೆ! ಮರದ ಕಾರ್ಬನ್ ವಾಪಸ್ ಹೋಗುತ್ತದೆ, ನಿಜ. ಆದರೆ ನೀವು ಸುಟ್ಟ ಅಷ್ಟೂ ನಾರಿಗೆ ಬದಲಾಗಿ ಯಾವುದೋ ಗಿರಣಿ ಹೊಸದಾಗಿ ಕಟ್ಟಿಗೆ ಬೇಯಿಸಬೇಕಾಗುತ್ತದೆ. ಜೊತೆಗೆ ಕಟ್ಟುಕಟ್ಟಾದ ಕಾಗದ ಸರಿಯಾಗಿ ಉರಿಯುವುದೂ ಇಲ್ಲ, ದಿನವಿಡೀ ಹೊಗೆಯಾಡಿ ಮಸಿ ಊರಿಗೆಲ್ಲ ಹಬ್ಬುತ್ತದೆ. ಹೆಸರು, ಖಾತೆ ನಂಬರ್ ಇರುವ ಹಾಳೆಗಳನ್ನಷ್ಟೇ ಬೇರೆ ಮಾಡಿ ಶ್ರೆಡರ್‌ಗೆ ಹಾಕಿ. ಎಲ್ಲವನ್ನೂ ಕತ್ತರಿಸಬೇಡಿ, ಕತ್ತರಿಸಿದಷ್ಟೂ ನಾರು ತುಂಡಾಗಿ ಅದರ ಬೆಲೆ ಇಳಿಯುತ್ತದೆ. ರಟ್ಟು ಬೇರೆ ಕಟ್ಟು, ಬಿಳಿ ಹಾಳೆ ಬೇರೆ ಕಟ್ಟು ಮಾಡಿ, ಶ್ರೆಡ್ ಮಾಡಿದ್ದನ್ನು ಚೀಲಕ್ಕೆ ತುಂಬಿ. ಹೀಗೆ ವಿಂಗಡಿಸಿ ಕೊಟ್ಟರೆ ಗುಜರಿಯವರು ಬಿಳಿ ಹಾಳೆಗೆ ಜಾಸ್ತಿ ರೇಟು ಕೊಡುತ್ತಾರೆ. ಮಳೆ ಹಿಡಿಯುವ ಮುಂಚೆ ಮಾಡಿ ಮುಗಿಸಿ, ಒದ್ದೆಯಾಗಿ ಬೂಸ್ಟು ಹಿಡಿದ ಮೇಲೆ ಯಾರೂ ಮುಟ್ಟುವುದಿಲ್ಲ.